ದನಿಯಲ್ಲಿ ಬರೆದಿಟ್ಟ ಚೀಟಿ

(ಬ್ರೈಲ್ ದಿನದಂದು ಮೈಸೂರಿನಲ್ಲಿ ಓದುಗರ ಬಳಗವೊಂದರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತು ಜನವರಿ 4, ಲೂಯಿ ಬ್ರೈಲ್ ಹುಟ್ಟಿದ ದಿನ. 1809ರಲ್ಲಿ ಪ್ಯಾರಿಸ್ಸಿಗೆ ಹತ್ತಿರದ ಒಂದು ಹಳ್ಳಿಯಲ್ಲಿ, ಕುದುರೆಗಳಿಗೆ ಜೀನು ಹೊಲಿಯುವವರ ಮನೆಯಲ್ಲಿ ಹುಟ್ಟಿದ ಈ ಹುಡುಗ, ಮೂರನೆಯ ವಯಸ್ಸಿನಲ್ಲಿ ಅಪ್ಪನ ದಬ್ಬಳ ಚುಚ್ಚಿಕೊಂಡು ಒಂದು ಕಣ್ಣನ್ನೂ, ಆ ಗಾಯದ ನಂಜು ಹರಡಿ ಇನ್ನೊಂದು ಕಣ್ಣನ್ನೂ ಕಳೆದುಕೊಂಡ. ಹದಿನೈದರ ಹರೆಯದಲ್ಲಿ ಆತ ಕಟ್ಟಿದ ಆರು ಚುಕ್ಕೆಗಳ ಲಿಪಿಯೇ ಇಂದು ಭಾರತಿ ಬ್ರೈಲ್ ಎಂಬ ಹೆಸರಿನಲ್ಲಿ ಕನ್ನಡವನ್ನೂ ಹೊತ್ತು ನಡೆಯುತ್ತಿದೆ. ಇಂಥ ದಿನ ಬ್ರೈಲ್ ಅಲ್ಲದ, ಡಬ್ಬಿಗೆ ಅಂಟಿಸಿದ ಚೀಟಿಗೆ ತಾಗಿಸಿದರೆ ನಮ್ಮದೇ ದನಿಯನ್ನು ಕೇಳಿಸುವ ಒಂದು ಸಾಧನದ ಬಗ್ಗೆ ಮಾತನಾಡಲು ನಾನು ಒಪ್ಪಿಕೊಂಡದ್ದಕ್ಕೆ ಕಾರಣವಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಪ್ರೌಢಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಪಾಠ ಮಾಡಿದವಳು. ಸಕ್ಕರೆ ಕಾಯಿಲೆ ನನ್ನ ಕಣ್ಣಿನ ಹಿಂಪರದೆಯನ್ನು ನಿಧಾನವಾಗಿ ತಿಂದುಹಾಕಿತು. ನಿವೃತ್ತಿಗೆ ಎರಡು ವರ್ಷ ಇರುವಾಗ ಕರಿಹಲಗೆಯ ಮೇಲೆ ನಾನೇ ಬರೆದದ್ದು ನನಗೆ ಕಾಣಿಸದಾಯಿತು. ಬ್ರೈಲ್ ಕಲಿಯೋಣವೆಂದು ಹೊರಟೆ. ಕಲಿಸಿದವರು ತಾಳ್ಮೆಯಿಂದ ಕಲಿಸಿದರು, ನಾನೂ ಮನಸ್ಸಿಟ್ಟು ಕಲಿತೆ. ಯಾವ ಅಕ್ಷರಕ್ಕೆ ಯಾವ ಚುಕ್ಕೆ ಎಂದು ಬಾಯಿಪಾಠವಾಯಿತು. ಆದರೆ ಹಾಳೆಯ ಮೇಲೆ ಬೆರಳು ಇಟ್ಟರೆ ಮೂರು ಚುಕ್ಕೆಯೋ ನಾಲ್ಕು ಚುಕ್ಕೆಯೋ ತಿಳಿಯುತ್ತಿರಲಿಲ್ಲ. ಕಣ್ಣನ್ನು ಕಿತ್ತುಕೊಂಡ ಕಾಯಿಲೆಯೇ ನರಗಳನ್ನೂ ಮುಟ್ಟಿತ್ತು. ಮೊದಲು ಪಾದ ಜೋಮು ಹಿಡಿಯಿತು, ಆಮೇಲೆ ಬೆರಳ ತುದಿ. ವಯಸ್ಸಾದ ಮೇಲೆ ಕಣ್ಣು ಹೋಗುವುದಕ್ಕೆ ನಮ್ಮಲ್ಲಿರುವ ದೊಡ್ಡ ಕಾರಣಗಳಲ್ಲಿ ಸಕ್ಕರೆ ಕಾಯಿಲೆ ಒಂದು. ಹಾಗಿರುವಾಗ "ಬ್ರೈಲ್ ಕಲಿತರೆ ಆಯಿತಲ್ಲ" ಎನ್ನುವ ಸಲಹೆ ಎಲ್ಲರಿಗೂ ಸಲ್ಲುವುದಿಲ್ಲ ಎನ್ನುವುದನ್ನು ಬ್ರೈಲಿನ ಮೇಲಿನ ಪೂರ್ತಿ ಗೌರವದಿಂದಲೇ ಹೇಳುತ್ತಿದ್ದೇನೆ. ಎಳೆಯ ವಯಸ್ಸಿನಲ್ಲಿ ಕಣ್ಣಿಲ್ಲದ ಮಗುವಿಗೆ ಬ್ರೈಲ್ ಕಲಿಸದಿರುವುದು ಅದನ್ನು ಅನಕ್ಷರಸ್ಥವಾಗಿ ಬೆಳೆಸಿದಂತೆ. ಅದರಲ್ಲಿ ನನಗೆ ಎರಡು ಮಾತಿಲ್ಲ. ನಾನು ಹೇಳಹೊರಟಿರುವುದು ಬೆರಳೂ ಕೈಕೊಟ್ಟವರ ಮಾತು.

ಕಳೆದ ವರ್ಷ ಮಳೆಗಾಲದಲ್ಲಿ, ಹೊರದೇಶದಲ್ಲಿರುವ ನನ್ನ ತಂಗಿಯ ಮಗ ಊರಿಗೆ ಬಂದಾಗ ಒಂದು ಸಾಧನವನ್ನು ತಂದು ಆರು ವಾರ ನನ್ನ ಬಳಿ ಬಿಟ್ಟುಹೋದ. "ದೊಡ್ಡಮ್ಮ, ಬಳಸಿ ನೋಡಿ. ಹಿಡಿಸದಿದ್ದರೆ ವಾಪಸ್ಸು ಕೊಡಿ" ಎಂದ. ಅದು ದಪ್ಪನೆಯ ಪೆನ್ನಿನ ಆಕಾರದ್ದು, ಕೈಯಲ್ಲಿ ಹಿಡಿದರೆ ಚಪಾತಿ ಲಟ್ಟಣಿಗೆಯ ಹಿಡಿಯನ್ನು ಹಿಡಿದಂತಾಗುತ್ತದೆ. ಜೊತೆಗೆ ಸ್ಟಿಕ್ಕರ್ ಹಾಳೆಗಳು. ಹಾಳೆಯಿಂದ ಒಂದು ಚೀಟಿಯನ್ನು ಬಿಡಿಸಿ ಡಬ್ಬಿಗೆ ಅಂಟಿಸಬೇಕು. ಪೆನ್ನಿನ ಮೂತಿಯನ್ನು ಚೀಟಿಗೆ ತಾಗಿಸಿ, ದನಿಮುದ್ರಣದ ಗುಂಡಿಯನ್ನು ಒತ್ತಿಹಿಡಿದರೆ "ಬೀಪ್" ಎನ್ನುತ್ತದೆ. ಹೇಳಬೇಕಾದದ್ದನ್ನು ಹೇಳಿ ಗುಂಡಿ ಬಿಟ್ಟರೆ ಮುಗಿಯಿತು. ಮುಂದೆ ಯಾವಾಗ ಆ ಚೀಟಿಗೆ ಮೂತಿ ತಾಗಿಸಿದರೂ ನಾವು ಹೇಳಿದ್ದನ್ನೇ ನಮ್ಮ ದನಿಯಲ್ಲಿ ತಿರುಗಿ ಹೇಳುತ್ತದೆ. ನಾನು ಇನ್ಸುಲಿನ್ ಪೆನ್ನನ್ನೂ ಬಳಸುವವಳಾದ್ದರಿಂದ, ಎರಡಕ್ಕೂ ಪೆನ್ನು ಎಂದರೆ ಗೊಂದಲವೆಂದು ನಮ್ಮ ಮನೆಯಲ್ಲಿ ಇದಕ್ಕೆ ಮಾತಿನ ಕಡ್ಡಿ ಎಂದು ಹೆಸರಿಟ್ಟೆವು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಇದರ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 1868ರಲ್ಲಿ ಶುರುವಾದ, ಅಂಧರಿಗಾಗಿ ದುಡಿಯುವ ಬ್ರಿಟನ್ನಿನ ಆರ್‌ಎನ್‌ಐಬಿ ಎಂಬ ಸಂಸ್ಥೆ 2009ರಲ್ಲಿ ಪೆನ್‌ಫ್ರೆಂಡ್ ಎಂಬ ಹೆಸರಿನ ಇಂಥ ಸಾಧನವನ್ನು ಹೊರತಂದಿತು. ಅದನ್ನು ತಯಾರಿಸಿಕೊಟ್ಟದ್ದು ಲಂಡನ್ನಿನ ಮಂತ್ರ ಲಿಂಗ್ವಾ ಎಂಬ ಪ್ರಕಾಶನ. ಈ ಪ್ರಕಾಶನದ ಮೂಲ ಕಸುಬು ಎರಡೆರಡು ಭಾಷೆಗಳಲ್ಲಿ ಮಕ್ಕಳ ಪುಸ್ತಕಗಳನ್ನು ಅಚ್ಚುಹಾಕುವುದು. ಮನೆಯಲ್ಲೊಂದು ಭಾಷೆ, ಶಾಲೆಯಲ್ಲೊಂದು ಭಾಷೆ ಆಡುವ ಮಕ್ಕಳು ಪುಟಕ್ಕೆ ಪೆನ್ನು ತಾಗಿಸಿದರೆ ಕಥೆ ಅವರ ಭಾಷೆಯಲ್ಲೇ ಕೇಳಿಸಬೇಕೆಂದು ಮಾಡಿಕೊಂಡಿದ್ದ ತಂತ್ರವನ್ನೇ ಕಣ್ಣಿಲ್ಲದವರ ಡಬ್ಬಿಗಳಿಗೂ ತಂದರು. ನಾನು ಬಳಸಿದ್ದು ಇದೇ ಜಾತಿಯ ಇನ್ನೊಂದು. ಯಾರು ಮಾಡಿದ್ದು ಎನ್ನುವುದು ಇವತ್ತಿನ ಮಾತಿಗೆ ಬೇಕಿಲ್ಲ.

ಅದು ಕೆಲಸ ಮಾಡುವ ಬಗೆಯನ್ನು ವಿಜ್ಞಾನದ ಮೇಷ್ಟರಾಗಿ ವಿವರಿಸದೆ ಬಿಡಲಾರೆ. ಚೀಟಿಯ ಮೇಲೆ ಕಣ್ಣಿರುವವರಿಗೆ ತೆಳುವಾದ ಬೂದು ಮಬ್ಬಿನಂತೆ ಕಾಣುವುದು, ನಿಜವಾಗಿ ಬಿಡಿಬಿಡಿಯಾಗಿ ಕಾಣದಷ್ಟು ಚಿಕ್ಕ ಚುಕ್ಕೆಗಳ ಒಂದು ವಿನ್ಯಾಸ. ಒಂದೊಂದು ಚೀಟಿಯ ವಿನ್ಯಾಸವೂ ಬೇರೆ, ಅಂದರೆ ಒಂದೊಂದಕ್ಕೂ ಒಂದು ಸಂಖ್ಯೆ. ಕಡ್ಡಿಯ ಮೂತಿಯಲ್ಲಿರುವ ಪುಟ್ಟ ಕ್ಯಾಮೆರಾ ಆ ಚುಕ್ಕೆಗಳನ್ನು ಓದಿ ಸಂಖ್ಯೆಯನ್ನು ಗುರುತಿಸುತ್ತದೆ, ಆ ಸಂಖ್ಯೆಗೆ ಜೋಡಿಸಿದ ದನಿಯನ್ನು ತನ್ನ ಹೊಟ್ಟೆಯಲ್ಲಿರುವ ನೆನಪಿನಿಂದ ತೆಗೆದು ಕೇಳಿಸುತ್ತದೆ. ದನಿ ಚೀಟಿಯಲ್ಲಿಲ್ಲ, ಕಡ್ಡಿಯಲ್ಲಿದೆ ಎನ್ನುವುದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ಕಡ್ಡಿ ಕಳೆದುಹೋದರೆ ಮನೆಯಲ್ಲಿರುವ ಅಷ್ಟೂ ಚೀಟಿಗಳು ಒಮ್ಮೆಲೇ ಮೂಕವಾಗುತ್ತವೆ.

ಮೊದಲ ವಾರ ಎಲ್ಲದಕ್ಕೂ ಅಂಟಿಸಿದೆ. ಹೊಸದಾಗಿ ಅಕ್ಷರ ಕಲಿತ ಮಗು ಗೋಡೆಯ ಮೇಲೆಲ್ಲಾ ತನ್ನ ಹೆಸರು ಬರೆಯುವ ಹಾಗೆ. ಅಕ್ಕಿ, ಬೇಳೆ, ಸಾಸಿವೆ, ಜೀರಿಗೆ, ಟೀವಿ ರಿಮೋಟು, ಕನ್ನಡಕದ ಖಾಲಿ ಪೆಟ್ಟಿಗೆಗೂ ಕೂಡ. ಎರಡನೆಯ ವಾರದ ಹೊತ್ತಿಗೆ ಅಡುಗೆಮನೆಯ ಬಹುಪಾಲು ಚೀಟಿಗಳನ್ನು ನಾನು ಮುಟ್ಟುತ್ತಲೇ ಇಲ್ಲ ಎನ್ನುವುದು ಗಮನಕ್ಕೆ ಬಂತು. ಕಡಲೆಬೇಳೆ ಕೈಗೆ ತೊಗರಿಬೇಳೆಗಿಂತ ದಪ್ಪ. ಜೋಮು ಹಿಡಿದ ಬೆರಳಿಗೂ ಆ ವ್ಯತ್ಯಾಸ ತಿಳಿಯುತ್ತದೆ, ಮುಷ್ಟಿಯಲ್ಲಿ ಹಿಡಿದು ಜಾರಿಸಿದರೆ ಸದ್ದಿನಿಂದಲೂ ತಿಳಿಯುತ್ತದೆ. ಜೀರಿಗೆಗೆ ಮೂಗು ಸಾಕು. ಒಗ್ಗರಣೆ ಡಬ್ಬಿಯ ಬಟ್ಟಲುಗಳು ಯಾವ ಜಾಗದಲ್ಲಿವೆ ಎನ್ನುವುದು ಮೂವತ್ತು ವರ್ಷದ ಅಭ್ಯಾಸ. ಕೈ, ಮೂಗು, ಕಿವಿ ಹೇಳುವುದನ್ನು ಯಂತ್ರದಿಂದ ಹೇಳಿಸುವುದು ಕಾಲಹರಣ. ಅಂಧರ ಪುನರ್ವಸತಿ ತರಬೇತಿಯಲ್ಲಿ ವಸ್ತುವಿಗೊಂದು ಜಾಗ, ಆ ಜಾಗದಲ್ಲೇ ಆ ವಸ್ತು ಎಂದು ಮೊದಲ ಪಾಠವಾಗಿ ಹೇಳಿಕೊಡುತ್ತಾರೆ. ಯಾವ ಸಾಧನ ಬಂದರೂ ಆ ಪಾಠ ಹಳತಾಗುವುದಿಲ್ಲ.

ಹಾಗಾದರೆ ಎಲ್ಲಿ ಬೇಕಾಯಿತು? ಕೈಗೂ ಮೂಗಿಗೂ ಒಂದೇ ತರ ಇರುವ ಕಡೆ. ಅಡುಗೆ ಸೋಡಾ ಮತ್ತು ಪುಡಿ ಉಪ್ಪು. ಸಾರಿನ ಪುಡಿ ಮತ್ತು ಹುಳಿಪುಡಿ. ವಾಂಗಿಬಾತಿನ ಪುಡಿಯನ್ನು ಚಕ್ಕೆ ಲವಂಗದ ವಾಸನೆ ಬಿಟ್ಟುಕೊಡುತ್ತದೆ, ಆದರೆ ಸಾರಿನದಕ್ಕೂ ಹುಳಿಯದಕ್ಕೂ ನಮ್ಮ ಮನೆಯ ಅಳತೆಯಲ್ಲಿ ಮೂಗಿಗೆ ಹೆಚ್ಚು ಅಂತರವಿಲ್ಲ. ಕಾಗದಗಳು: ಪಿಂಚಣಿಯ ಆದೇಶ, ಮನೆ ಕಂದಾಯದ ರಸೀದಿ, ರಕ್ತ ಪರೀಕ್ಷೆಯ ವರದಿ, ಬ್ಯಾಂಕಿನ ಠೇವಣಿ ಪತ್ರ, ಎಲ್ಲವೂ ಕೈಗೆ ಬರೀ ಕಾಗದ. ಮತ್ತೆ ಮಾತ್ರೆಗಳು. ಮಾತ್ರೆಯ ಪಟ್ಟಿಗೆ ಬ್ರೈಲ್ ಟೇಪು ಅಂಟಿಸುವುದು ಬೆರಳು ಚುರುಕಾಗಿರುವವರಿಗೂ ಸುಲಭವಲ್ಲ, ಏಕೆಂದರೆ ಪಟ್ಟಿಯ ಮೈಯೇ ಉಬ್ಬುತಗ್ಗು. ಬ್ರೈಲಿನ ಒಂದು ಅಕ್ಷರದ ಮನೆ ಸುಮಾರು 6 ಮಿಲಿಮೀಟರ್ ಜಾಗ ಬೇಡುತ್ತದೆ. "ಸಕ್ಕರೆ" ಎಂಬ ಚಿಕ್ಕ ಮಾತೂ ಬಿಡಿಸಿ ಬರೆದರೆ ಮೂರೂವರೆ ಸೆಂಟಿಮೀಟರಿಗೆ ಹೋಗುತ್ತದೆ. "ಸಕ್ಕರೆ ಕಾಯಿಲೆಯದು, ತಿಂಡಿ ಆದ ಮೇಲೆ, ಒಂದು" ಎಂದು ಬರೆಯಲು ಆ ಪಟ್ಟಿಯಲ್ಲಿ ಎಲ್ಲಿದೆ ಜಾಗ?

ಇಲ್ಲಿ ಇನ್ಸುಲಿನ್ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಈ ಸಾಧನದ ನಿಜವಾದ ಬೆಲೆ ನನಗೆ ತಿಳಿದದ್ದು ಅಲ್ಲಿ.

ನನಗೆ ಎರಡು ಬಗೆಯ ಇನ್ಸುಲಿನ್. ಒಂದು ಊಟಕ್ಕೆ ಮೊದಲು ತೆಗೆದುಕೊಳ್ಳುವ, ಬೇಗ ಕೆಲಸ ಮಾಡುವಂಥದ್ದು. ಇನ್ನೊಂದು ರಾತ್ರಿಯದು, ಇಡೀ ದಿನ ನಿಧಾನವಾಗಿ ಕೆಲಸ ಮಾಡುವುದು. ರಾತ್ರಿಯ ಅಳತೆಯಲ್ಲಿ ಊಟದ ಇನ್ಸುಲಿನ್ ಒಳಗೆ ಹೋದರೆ ರಕ್ತದ ಸಕ್ಕರೆ ಕುಸಿದು ನಿದ್ದೆಯಲ್ಲೇ ಪ್ರಜ್ಞೆ ತಪ್ಪಬಹುದು. ನನ್ನ ಎರಡು ಪೆನ್ನುಗಳೂ ಹಿಡಿದರೆ ಒಂದೇ ತರ. ಹಿಂದೆ ರಾತ್ರಿಯ ಪೆನ್ನಿಗೆ ರಬ್ಬರ್ ಬ್ಯಾಂಡು ಸುತ್ತಿ ಇಡುತ್ತಿದ್ದೆ. ನಮ್ಮಲ್ಲಿ ಬಹಳ ಮಂದಿ ಮಾಡುವುದೇ ಹಾಗೆ: ರಬ್ಬರ್ ಬ್ಯಾಂಡು, ದಾರದ ಗಂಟು, ಸೇಫ್ಟಿ ಪಿನ್ನು, ಕಾರ್ಡಿನ ಮೂಲೆ ಕತ್ತರಿಸುವುದು. ಇವು ಒಳ್ಳೆಯ ಉಪಾಯಗಳು, ಖರ್ಚಿಲ್ಲದವು, ಈಗಲೂ ಬಿಟ್ಟಿಲ್ಲ. ಆದರೆ ಒಂದು ಬೇಸಿಗೆಯಲ್ಲಿ ಆ ರಬ್ಬರ್ ಬ್ಯಾಂಡು ಒಣಗಿ ತಾನೇ ಹರಿದು ಬಿದ್ದಿತ್ತು. ಡ್ರಾಯರಿನಲ್ಲಿ ಕೈಯಾಡಿಸಿದಾಗ ಎರಡು ಬೋಳು ಪೆನ್ನುಗಳು ಸಿಕ್ಕವು. ನಾನು ಎರಡನ್ನೂ ಮುಟ್ಟಿ ನೋಡಿದೆನಾದ್ದರಿಂದ ಅನಾಹುತ ತಪ್ಪಿತು. ಒಂದನ್ನೇ ಮುಟ್ಟಿದ್ದರೆ, ಬ್ಯಾಂಡು ಇಲ್ಲ, ಹಾಗಾದರೆ ಇದು ಊಟದ್ದು ಎಂದು ನಿಶ್ಚಿಂತೆಯಿಂದ ಮುಂದುವರಿಯುತ್ತಿದ್ದೆ. ಗುರುತು ಇಲ್ಲದಿರುವುದೇ ಒಂದು ಗುರುತಾಗಿದ್ದಾಗ, ಗುರುತು ಕಳಚಿ ಬಿದ್ದರೆ ಅದು ಸುಳ್ಳು ಹೇಳುತ್ತದೆ. ಮಾತಿನ ಚೀಟಿ ಕಳಚಿ ಬಿದ್ದರೆ ಕಡ್ಡಿ ಏನೂ ಹೇಳದೆ ಸುಮ್ಮನಿರುತ್ತದೆ, ಆ ಮೌನ ಕೇಳಿದಾಗ ನಾನು ಸೂಜಿ ಚುಚ್ಚದೆ ಸೊಸೆಯನ್ನು ಕೂಗುತ್ತೇನೆ. ಸುಳ್ಳಿಗಿಂತ ಮೌನ ಎಷ್ಟೋ ಮೇಲು.

ಚೀಟಿಯನ್ನು ಎಲ್ಲಿ ಅಂಟಿಸಬೇಕೆಂದು ಕಲಿಯಲು ಮೂರು ಸಲ ತಪ್ಪು ಮಾಡಬೇಕಾಯಿತು. ಮೊದಲು ಪೆನ್ನಿನ ಮುಚ್ಚಳಕ್ಕೆ ಅಂಟಿಸಿದೆ, ಅಲ್ಲಿ ಜಾಗ ಹೆಚ್ಚು ಎಂದು. ಮುಚ್ಚಳಗಳು ಅದಲುಬದಲಾದರೆ ಚೀಟಿಗೆ ಅರ್ಥವೇ ಇಲ್ಲ ಎಂದು ಆ ರಾತ್ರಿ ಮಲಗಿದ ಮೇಲೆ ಹೊಳೆದು, ಎದ್ದು ಹೋಗಿ ಕಿತ್ತೆ. ಅಡುಗೆಮನೆಯಲ್ಲೂ ಇದೇ ನಿಯಮ: ಹೆಸರು ಡಬ್ಬಿಯ ಮೈಗೆ, ಮುಚ್ಚಳಕ್ಕಲ್ಲ. ಎರಡನೆಯ ಸಲ ಉರುಟಾದ ಮೈಗೆ ಅಡ್ಡಡ್ಡಲಾಗಿ ಸುತ್ತಿದ್ದರಿಂದ ಕಡ್ಡಿಯ ಮೂತಿ ಸರಿಯಾಗಿ ಕೂರಲಿಲ್ಲ; ಉದ್ದುದ್ದಕ್ಕೆ ಅಂಟಿಸಿದ ಮೇಲೆ ಓದಿತು. ಮೂರನೆಯದು ಫ್ರಿಜ್ಜಿನಲ್ಲಿ ಇಡುವ, ಇನ್ನೂ ತೆರೆಯದ ಪೆನ್ನುಗಳು. ಹೊರಗೆ ತೆಗೆದಾಗ ನೀರು ಬೆವರಿ ಚೀಟಿ ಸಡಿಲವಾಗುತ್ತಿತ್ತು. ಈಗ ಅವುಗಳ ರಟ್ಟಿನ ಡಬ್ಬಿಗೇ ಒಂದು ಚೀಟಿ, ಬಳಕೆಗೆ ತೆಗೆದುಕೊಂಡ ದಿನ ಪೆನ್ನಿನ ಮೈಗೆ ಇನ್ನೊಂದು. ಇನ್ನು ಚೀಟಿ ಎಲ್ಲಿದೆ ಎಂದು ಕೈಗೆ ತಿಳಿಯುವುದು ಹೇಗೆ? ಅದು ಚಪ್ಪಟೆ, ನನ್ನ ಬೆರಳಿಗೆ ಸಿಗುವುದಿಲ್ಲ. ಇದಕ್ಕೆ ಉಪಾಯ ಹೇಳಿದವಳು ನನ್ನ ಸೊಸೆ. ಹಣೆಗೆ ಇಡುವ ಕಲ್ಲಿನ ಸ್ಟಿಕ್ಕರ್ ಬೊಟ್ಟನ್ನು ಚೀಟಿಯ ಪಕ್ಕಕ್ಕೆ, ಚುಕ್ಕೆಗಳನ್ನು ಮುಚ್ಚದ ಹಾಗೆ ಅಂಟಿಸಿದಳು. ಕಲ್ಲು ಸಿಕ್ಕಿದರೆ ಅದರ ಬಲಕ್ಕೆ ಚೀಟಿ. ಇಂಥದ್ದು ಯಾವ ಕೈಪಿಡಿಯಲ್ಲಿಯೂ ಇರಲಿಲ್ಲ.

ಎಷ್ಟು ಯೂನಿಟ್ಟು ಎನ್ನುವುದನ್ನು ಮಾತ್ರ ಈ ಕಡ್ಡಿ ನೋಡಿ ಹೇಳಲಾರದು. ಪೆನ್ನಿನ ತಿರುಪು ತಿರುಗಿಸುವಾಗ ಬರುವ ಕ್ಲಿಕ್ ಸದ್ದನ್ನು ಎಣಿಸಬಹುದಾದರೂ ಅದೊಂದನ್ನೇ ನಂಬಬಾರದೆಂದು ಪೆನ್ನಿನ ತಯಾರಕರೇ ಎಚ್ಚರಿಸುತ್ತಾರೆ. ನಾನು ಎಣಿಸುತ್ತೇನೆ, ಮನೆಯವರು ಒಮ್ಮೆ ನೋಡುತ್ತಾರೆ. ಮನೆಯವರ ಕಣ್ಣು ಬೇಕಾದ ಕಡೆ ಬೇಕು ಎಂದು ಒಪ್ಪಿಕೊಳ್ಳುವುದರಲ್ಲಿ ಸಣ್ಣತನವೇನಿಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದುಕೊಂಡದ್ದಕ್ಕೆ ಬರುತ್ತೇನೆ. ಇಂಥ ಸಾಧನಗಳನ್ನು ಪರಿಚಯಿಸುವವರು ಸಾಮಾನ್ಯವಾಗಿ "ಇದು ಕಣ್ಣಿಲ್ಲದವರಿಗೆ ಓದಿ ಹೇಳುತ್ತದೆ" ಎನ್ನುತ್ತಾರೆ. ಆರು ವಾರ ಬಳಸಿದ ಮೇಲೆ ನನಗೆ ಅನಿಸಿದ್ದು ಬೇರೆ. ಓದುವುದಕ್ಕೆ ದಾರಿಗಳು ಹಿಂದೆಯೂ ಇದ್ದವು: ಮೊಮ್ಮಗ ಪೇಪರು ಓದುತ್ತಾನೆ, ಫೋನು ಓದುತ್ತದೆ, ರೇಡಿಯೋ ಇದೆ. ಕಣ್ಣು ಹೋದ ದಿನದಿಂದ ನಿಜವಾಗಿ ನಿಂತುಹೋದದ್ದು ನನ್ನ ಬರವಣಿಗೆ. ಡಬ್ಬಿಯ ಮೇಲೊಂದು ಹೆಸರು, ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಲಕೋಟೆಯ ಹಿಂದೆ ಬರೆದುಕೊಳ್ಳುವ ಫೋನ್ ನಂಬರು, ಔಷಧಿ ಪಟ್ಟಿಯ ಮೇಲೆ "ಅರ್ಧ" ಎಂದು ಹಾಕುವ ಗುರುತು. ಮನುಷ್ಯರು ದಿನವಿಡೀ ತಮಗೆ ತಾವೇ ಬರೆದುಕೊಳ್ಳುವ ಇಂಥ ಪುಟ್ಟ ಚೀಟಿಗಳನ್ನು ಯಾರೂ ಬರವಣಿಗೆ ಎಂದು ಎಣಿಸುವುದಿಲ್ಲ. ಅದು ನಿಂತ ಮೇಲೆಯೇ ನನಗೆ ಅದರ ಬೆಲೆ ಗೊತ್ತಾದದ್ದು. ಮಾತಿನ ಕಡ್ಡಿ ನನಗೆ ಮರಳಿ ಕೊಟ್ಟದ್ದು ಆ ಬರವಣಿಗೆಯನ್ನು.

ಹೀಗೆ ನೋಡಿದ ಮೇಲೆ ಬಳಸುವ ಬಗೆಯೂ ಬದಲಾಯಿತು. ಮೊದಲ ವಾರ ಸೊಸೆಯೇ ಎಲ್ಲವನ್ನೂ ಮುದ್ರಿಸಿದ್ದಳು. ಅವಳು ಕೆಲಸಕ್ಕೆ ಹೋಗುವವಳು, ಅವಸರದಲ್ಲಿ "ಇದು ಬೆಳಿಗ್ಗೆದು" ಎಂದಷ್ಟೇ ಹೇಳಿದ್ದಳು. ಬೆಳಿಗ್ಗೆ ನಾನು ನಾಲ್ಕು ಮಾತ್ರೆ ತೆಗೆದುಕೊಳ್ಳುತ್ತೇನೆ; ನಾಲ್ಕು ಪಟ್ಟಿಗಳೂ "ಇದು ಬೆಳಿಗ್ಗೆದು" ಎಂದವು. ಅವಳದೇನೂ ತಪ್ಪಿಲ್ಲ, ಅವಳು ಕಣ್ಣಿನಿಂದ ಉಳಿದದ್ದನ್ನು ನೋಡಿಕೊಳ್ಳಬಲ್ಲವಳಾದ್ದರಿಂದ ಅಷ್ಟೇ ಸಾಕೆನಿಸಿತು. ಎರಡನೆಯ ವಾರ ಅವಳು ಪಟ್ಟಿಯನ್ನು ಓದಿ ಹೇಳಿದಳು, ನಾನು ನನ್ನ ಮಾತಿನಲ್ಲಿ ಮುದ್ರಿಸಿಕೊಂಡೆ: "ರಕ್ತದೊತ್ತಡದ್ದು, ತಿಂಡಿಯಾದ ಮೇಲೆ ಒಂದು, ಪಟ್ಟಿಯಲ್ಲಿ ಹದಿನೈದು ಇರುತ್ತವೆ, ಮಾರ್ಚಿಗೆ ಅವಧಿ ಮುಗಿಯುತ್ತದೆ." ಏನನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎನ್ನುವುದನ್ನು ಬಳಸುವವರೇ ತೀರ್ಮಾನಿಸಬೇಕು.

ಸೀರೆಗಳ ವಿಷಯದಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಯಿತು. ಇಂಥ ಸಾಧನಗಳಿಗೆ ಒಗೆದರೂ ಹಾಳಾಗದ, ಬಟ್ಟೆಗೆ ಹೊಲಿಯಬಹುದಾದ ಚೀಟಿಗಳೂ ಸಿಗುತ್ತವೆ. ಫೋನಿನಲ್ಲಿ ಬಣ್ಣ ಗುರುತಿಸುವ ಸೌಲಭ್ಯವಿದೆ, ಅದು "ಕಡು ಹಸಿರು" ಎನ್ನುತ್ತದೆ. ನನ್ನ ಸೀರೆಯ ಒಳಸೆರಗಿನ ಚೀಟಿ "ನವಿಲು ಬಣ್ಣ, ಮಾವಿನಕಾಯಿ ಅಂಚು, ತಂಗಿಯ ಗೃಹಪ್ರವೇಶಕ್ಕೆ ತೆಗೆದದ್ದು, ಕುಪ್ಪಸ ಕೆಳಗಿನ ಖಾನೆಯಲ್ಲಿ" ಎನ್ನುತ್ತದೆ. ಬಣ್ಣ ನೋಡಿ ಹೇಳಲು ಒಮ್ಮೆ ಬೇರೆಯವರ ಕಣ್ಣು ಬೇಕಾಯಿತು. ಆಮೇಲೆ ಪ್ರತಿ ಹಬ್ಬಕ್ಕೂ ಬೀರುವಿನ ಮುಂದೆ ನಿಂತು ಯಾರನ್ನಾದರೂ ಕರೆಯುವ ಪ್ರಮೇಯ ಬರಲಿಲ್ಲ.

ಬರವಣಿಗೆ ಎಂದ ಮೇಲೆ ಬರವಣಿಗೆಯ ದೋಷಗಳೂ ಜೊತೆಗೆ ಬರುತ್ತವೆ. ನಾಲ್ಕನೆಯ ವಾರದ ಒಂದು ಭಾನುವಾರ ನಾನು ಸಾರು ಮಾಡಿದೆ. ಡಬ್ಬಿಗೆ ಕಡ್ಡಿ ತಾಗಿಸಿದಾಗ ನನ್ನದೇ ದನಿ "ಸಾರಿನ ಪುಡಿ" ಎಂದಿತ್ತು, ಎರಡು ಚಮಚ ಹಾಕಿದೆ, ಕುದಿ ಬಂದಾಗ ಮಂದವಾಯಿತು. ಸಾರಿನ ಪುಡಿ ಖಾಲಿಯಾಗಿದ್ದರಿಂದ ಡಬ್ಬಿ ತೊಳೆದು, ಹೊಸದಾಗಿ ಬೀಸಿಸಿ ತಂದ ಹುಳಿಪುಡಿಯನ್ನು ಅದರಲ್ಲಿ ಯಾರೋ ತುಂಬಿಟ್ಟಿದ್ದರು. ಚೀಟಿಗೆ ಡಬ್ಬಿಯೊಳಗೆ ಏನಿದೆ ಎಂದು ಗೊತ್ತಿಲ್ಲ. ನಾನು ಒಂದು ದಿನ ಹೇಳಿದ್ದು ಮಾತ್ರ ಅದಕ್ಕೆ ಗೊತ್ತು. ಅಡುಗೆಮನೆಯಲ್ಲಿ ಇದು ಒಂದು ಹೊತ್ತಿನ ಊಟದ ಮಾತು. ಔಷಧಿ ಅಂಗಡಿಯವರು ಒಂದು ಬ್ರ್ಯಾಂಡಿನ ಬದಲು ಇನ್ನೊಂದನ್ನು ಕೊಟ್ಟು, ಹಳೆಯ ಪಟ್ಟಿಯ ಡಬ್ಬಿಯಲ್ಲೇ ಹೊಸ ಪಟ್ಟಿಯನ್ನು ಇಟ್ಟರೆ ಅದು ಜೀವದ ಮಾತು. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡು: ಯಾರು ತುಂಬುತ್ತಾರೋ ಅವರು ನನ್ನನ್ನು ಕರೆದು ಹೇಳಬೇಕು, ನಾನು ಅವರ ಮುಂದೆಯೇ ಹೊಸದಾಗಿ ಮುದ್ರಿಸುತ್ತೇನೆ, ತಾರೀಕನ್ನೂ ಸೇರಿಸುತ್ತೇನೆ. ಎಂಟು ವರ್ಷದ ಮೊಮ್ಮಗ ಈ ಕಟ್ಟುಪಾಡನ್ನು ಎಲ್ಲರಿಗಿಂತ ನಿಷ್ಠೆಯಿಂದ ಪಾಲಿಸುತ್ತಾನೆ. "ಅಜ್ಜಿ, ಸಕ್ಕರೆ ಹಾಕಿದೆ, ಬಾ ಹೇಳು" ಎಂದು ಕರೆಯುತ್ತಾನೆ.

ಇನ್ನೊಂದು ದೋಷ ಅಳಿಸಿಹೋಗುವುದು. ಇದ್ದ ಚೀಟಿಯ ಮೇಲೆ ಮತ್ತೆ ಮುದ್ರಿಸಿದರೆ ಹಳೆಯದು ಹೋಗಿ ಹೊಸದು ಕೂರುತ್ತದೆ. ಅದು ಅನುಕೂಲವೂ ಹೌದು, ಅಪಾಯವೂ ಹೌದು. ಕಂದಾಯದ ರಸೀದಿಯ ಲಕೋಟೆಯನ್ನು ಕೇಳಿಸಿಕೊಳ್ಳಲು ಹೋಗಿ ನನ್ನ ಮರಗಟ್ಟಿದ ಹೆಬ್ಬೆರಳು ಮುದ್ರಣದ ಗುಂಡಿಯನ್ನು ಒತ್ತಿಬಿಟ್ಟಿತ್ತು. ಮತ್ತೆ ತಾಗಿಸಿದಾಗ ಕೇಳಿಸಿದ್ದು ಕುಕ್ಕರಿನ ಒಂದು ಸೀಟಿ ಮತ್ತು ದೂರದಲ್ಲಿ ಗೇಟಿನ ಸದ್ದು. ಕಾಗದದ ಮೇಲೆ ಬರೆದದ್ದನ್ನು ಹೊಡೆದುಹಾಕಿದರೆ ಗೀಟಿನ ಕೆಳಗೆ ಹಳೆಯ ಅಕ್ಷರವಾದರೂ ಕಾಣುತ್ತದೆ. ಇಲ್ಲಿ ಕುರುಹೇ ಉಳಿಯುವುದಿಲ್ಲ. ಇಂಥ ಸಾಧನ ಮಾಡುವವರಲ್ಲಿ ನನ್ನ ಕಳಕಳಿಯ ಕೋರಿಕೆ ಇದು: ಮುದ್ರಣದ ಗುಂಡಿಯನ್ನು ಉಳಿದ ಗುಂಡಿಗಳಿಂದ ದೂರ, ಆಕಾರದಲ್ಲೂ ಬೇರೆಯಾಗಿ ಮಾಡಿ. ಕಣ್ಣಿಲ್ಲದ ಕೈಗಳಲ್ಲಿ ಎಷ್ಟೋ ಕೈಗಳು ಸಕ್ಕರೆ ಕಾಯಿಲೆಯವರ ಕೈಗಳು.

ಫೋನಿನಲ್ಲಿ ಇದೆಲ್ಲ ಆಗುವುದಿಲ್ಲವೇ ಎಂದು ಸಭೆಯಲ್ಲಿ ಯಾರಾದರೂ ಕೇಳುತ್ತಾರೆಂದು ನನಗೆ ಗೊತ್ತು. ಕೆಲವು ಆಗುತ್ತವೆ. 2017ರಲ್ಲಿ ಮೈಕ್ರೋಸಾಫ್ಟ್ ತಂದ ಸೀಯಿಂಗ್ ಎಐ ಎಂಬ ಫೋನಿನ ಆ್ಯಪ್ ಅಚ್ಚಾದ ಅಕ್ಷರಗಳನ್ನು ಓದಿ ಹೇಳುತ್ತದೆ. ಡೆನ್ಮಾರ್ಕಿನಲ್ಲಿ ಹುಟ್ಟಿ 2015ರಲ್ಲಿ ಬಳಕೆಗೆ ಬಂದ ಬಿ ಮೈ ಐಸ್ ಎಂಬ ಆ್ಯಪ್ ಮೂಲಕ ಕಣ್ಣಿರುವ ಸ್ವಯಂಸೇವಕರೊಬ್ಬರಿಗೆ ವಿಡಿಯೋ ಕರೆ ಮಾಡಿ, ಕೈಯಲ್ಲಿರುವುದು ಏನೆಂದು ಕೇಳಬಹುದು. ಇವೆರಡೂ ದೊಡ್ಡ ಉಪಕಾರಗಳು. ಆದರೆ ಇವು ಅಚ್ಚಾಗಿರುವುದನ್ನು ಅಥವಾ ಕಂಡದ್ದನ್ನು ಹೇಳುತ್ತವೆ. ಮನೆಯಲ್ಲಿ ಬೀಸಿಸಿದ ಪುಡಿಯ ಮೇಲೆ, ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಕೊಟ್ಟ ಬೇಳೆಯ ಮೇಲೆ ಅಚ್ಚಿನ ಅಕ್ಷರ ಎಲ್ಲಿಂದ ಬರಬೇಕು? ನಾನು ನನಗಾಗಿ ಇಟ್ಟುಕೊಂಡ ಮಾತು ಯಾವ ಕ್ಯಾಮೆರಾಕ್ಕೂ ಕಾಣದು.

ಎನ್‌ಎಫ್‌ಸಿ ಬಿಲ್ಲೆಗಳು ಎಂಬ ಇನ್ನೊಂದು ದಾರಿಯೂ ಇದೆ. ಬ್ಯಾಟರಿ ಇಲ್ಲದ ಪುಟ್ಟ ಬಿಲ್ಲೆಯೊಳಗೆ ಅಕ್ಷರಗಳನ್ನು ತುಂಬಿಟ್ಟರೆ, ಫೋನನ್ನು ಹತ್ತಿರ ಹಿಡಿದಾಗ ಅದನ್ನು ಫೋನು ಓದುತ್ತದೆ. ಇವು ಅಗ್ಗ, ಫೋನು ಬದಲಾದರೂ ಮಾತು ಬಿಲ್ಲೆಯಲ್ಲೇ ಉಳಿಯುತ್ತದೆ. ಕಡ್ಡಿ ಕಳೆದರೆ ಎಲ್ಲ ಕಳೆಯಿತು ಎನ್ನುವ ಭಯ ಇಲ್ಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇದನ್ನು ನನಗಾಗಿ ಮಾಡಿಕೊಟ್ಟು ನೋಡಿದ. ಬಹಳವಾಗಿ ಬಳಕೆಯಲ್ಲಿರುವ ಒಂದು ಬಗೆಯ ಬಿಲ್ಲೆಯಲ್ಲಿ ನಮಗೆ ಸಿಗುವುದು 144 ಬೈಟ್ ಜಾಗ; ಬೈಟ್ ಎಂದರೆ ಯಂತ್ರದ ನೆನಪನ್ನು ಅಳೆಯುವ ಒಂದು ಮಾನ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿಯೊಂದು ಸಂಕೇತಕ್ಕೂ, ಅಂದರೆ ವ್ಯಂಜನಕ್ಕೆ, ಗುಣಿತದ ಚಿಹ್ನೆಗೆ, ಅರ್ಧಾಕ್ಷರದ ಗುರುತಿಗೆ, ಬೇರೆಬೇರೆಯಾಗಿ ಮೂರು ಮೂರು ಬೈಟ್ ಬೇಕು. "ಸಕ್ಕರೆ" ಎಂದು ಬರೆದರೆ 18 ಬೈಟ್. "ಬೆಳಿಗ್ಗೆ ಊಟಕ್ಕೆ ಮೊದಲು" ಎಂಬ ಮೂರು ಮಾತಿಗೆ 59. ಔಷಧಿಯ ಹೆಸರು, ಅಳತೆ, ಅವಧಿ ಸೇರಿಸುವ ಹೊತ್ತಿಗೆ ಬಿಲ್ಲೆ ತುಂಬಿಹೋಗುತ್ತದೆ. ಹೆಚ್ಚು ಜಾಗದ ಬಿಲ್ಲೆಗಳೂ ಸಿಗುತ್ತವೆ, ಆ ಮಾತು ಬೇರೆ. ಆದರೆ ಅದಕ್ಕೆ ಟೈಪು ಮಾಡಲು ಬರಬೇಕು, ಫೋನಿನ ಯಂತ್ರದ ದನಿ ಕನ್ನಡವನ್ನು ಸರಿಯಾಗಿ ಉಚ್ಚರಿಸಬೇಕು. ಮಾತಿನ ಕಡ್ಡಿಗೆ ಇದು ಯಾವುದೂ ಬೇಡ. ಅದಕ್ಕೆ ಕನ್ನಡ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಆಡಿದ್ದನ್ನು ಆಡಿದ ಹಾಗೆ ಇಟ್ಟುಕೊಳ್ಳುತ್ತದೆ. ಧಾರವಾಡದ ಕನ್ನಡವಾದರೂ ಸರಿ, ಕುಂದಾಪುರದ್ದಾದರೂ ಸರಿ, ಲಿಪಿಯೇ ಗೊತ್ತಿಲ್ಲದೆ ತುಳುವನ್ನೋ ಕೊಡವ ಭಾಷೆಯನ್ನೋ ಆಡುವ ಅಜ್ಜಿಯಾದರೂ ಸರಿ. ಎಂದೂ ಅಕ್ಷರ ಕಲಿಯದ ಹೆಣ್ಣುಮಗಳೊಬ್ಬಳು ಕಣ್ಣು ಕಳೆದುಕೊಂಡ ಮೇಲೆ ಈ ಕಡ್ಡಿಯನ್ನು ಹಿಡಿದರೆ, ಅವಳ ಬದುಕಿನಲ್ಲಿ ಅದೇ ಮೊದಲ ಬರವಣಿಗೆಯಾಗುತ್ತದೆ. ಈ ಮಾತು ಹೊಳೆದಾಗ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಆದರೂ ಒಂದನ್ನು ಬಿಡಬಾರದು. ಔಷಧಿಯ ಹೆಸರನ್ನು ನಾನೇ ಮುದ್ರಿಸಿಕೊಳ್ಳಬೇಕಾಗಿ ಬರುವುದು ನಿಜವಾಗಿ ನನ್ನ ಹೊಣೆಯಾಗಬಾರದಿತ್ತು. ಐರೋಪ್ಯ ಒಕ್ಕೂಟ 2004ರಲ್ಲಿ ಹೊರಡಿಸಿದ ನಿರ್ದೇಶನದಂತೆ ಅಲ್ಲಿ ಔಷಧಿಯ ಡಬ್ಬಿಯ ಮೇಲೆ ಹೆಸರನ್ನು ಬ್ರೈಲಿನಲ್ಲಿಯೂ ಒತ್ತಬೇಕು. ನಮ್ಮಲ್ಲಿ 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡಿನ ಔಷಧಿಗಳ ಮೇಲೆ ಬಾರ್‌ಕೋಡನ್ನೋ ಕ್ಯೂಆರ್ ಕೋಡನ್ನೋ ಹಾಕಬೇಕೆಂಬ ನಿಯಮ ಬಂದಿದೆ; ಔಷಧಿಯ ಹೆಸರು, ತಯಾರಾದ ದಿನ, ಅವಧಿ ಮುಗಿಯುವ ದಿನ ಎಲ್ಲವೂ ಅದರಲ್ಲಿ ಅಡಗಿರಬೇಕು. ನಿಯಮದ ಉದ್ದೇಶ ನಕಲಿ ಔಷಧಿಯನ್ನು ತಡೆಯುವುದು, ಕಣ್ಣಿಲ್ಲದವರಿಗೆ ನೆರವಾಗುವುದಲ್ಲ. ಆದರೂ ಆ ಕೋಡು ಎಲ್ಲಿದೆ ಎಂದು ಕೈಗೆ ತಿಳಿಯುವ ಹಾಗೆ ಅದರ ಅಂಚಿನಲ್ಲಿ ಒಂದು ಉಬ್ಬು ಗೆರೆ ಒತ್ತಿದರೆ ಸಾಕು, ಅದೇ ಕೋಡು ನಮಗೂ ದಕ್ಕುತ್ತದೆ. 2011ರ ಜನಗಣತಿಯ ಲೆಕ್ಕದಂತೆ ಈ ದೇಶದಲ್ಲಿ ನೋಟದ ತೊಂದರೆ ಇರುವವರು 50 ಲಕ್ಷಕ್ಕೂ ಹೆಚ್ಚು. ಅಷ್ಟು ಜನ ಒಂದು ಗೆರೆಯನ್ನು ಕೇಳುವುದು ಅತಿಯಾಸೆ ಎಂದು ನನಗನಿಸುವುದಿಲ್ಲ.

ಆರು ವಾರ ಮುಗಿದಾಗ ಕಡ್ಡಿಯನ್ನು ಹಿಂದಿರುಗಿಸಿದೆ. ಚೀಟಿಗಳು ಇದ್ದಲ್ಲಿಯೇ ಉಳಿದವು. ಎರಡು ತಿಂಗಳ ಮೇಲೆ ನನ್ನದೇ ಒಂದನ್ನು ತರಿಸಿಕೊಂಡಾಗ ಹಳೆಯ ಚೀಟಿಗಳಿಗೆ ತಾಗಿಸಿ ನೋಡಿದೆ. ಹೊಸ ಕಡ್ಡಿಗೆ ಆ ಮಾತುಗಳು ಒಂದೂ ಗೊತ್ತಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಕುಳಿತು ಮೊದಲಿನಿಂದ ಹೇಳಿದೆ. ಮೊದಲ ಬಾರಿ ಅರುವತ್ತಕ್ಕೂ ಹೆಚ್ಚು ಅಂಟಿಸಿದ್ದವಳು ಈ ಸಲ ಇಪ್ಪತ್ತಮೂರಕ್ಕೆ ನಿಲ್ಲಿಸಿದೆ. ಈ ಬಾರಿ ಅವುಗಳ ಒಂದು ಪ್ರತಿಯನ್ನು ಮಗ ಕಂಪ್ಯೂಟರಿನಲ್ಲಿ ಇಟ್ಟಿದ್ದಾನೆ.

ಕಡ್ಡಿಯೂ ಒಂದು ಹಾಳೆ ಖಾಲಿ ಚೀಟಿಯೂ ಇಲ್ಲಿ ಮೇಜಿನ ಎಡಗಡೆ ಇವೆ. ಬಂದು ಮುಟ್ಟಿ ನೋಡಿ. ಮೇಲಿನ ಗುಂಡು ಗುಂಡಿ ದನಿ ಹೆಚ್ಚು ಕಡಿಮೆ ಮಾಡಲು, ಅದರ ಕೆಳಗಿನ ಚೌಕ ಗುಂಡಿ ಮುದ್ರಣಕ್ಕೆ. "ಬೀಪ್" ಎನ್ನುವವರೆಗೆ ಒತ್ತಿಹಿಡಿದು, ಆಮೇಲೆ ಮಾತು ಶುರು ಮಾಡಿ; ಮೊದಲೇ ಶುರು ಮಾಡಿದರೆ ಮೊದಲ ಅಕ್ಷರ ನುಂಗಿಹೋಗುತ್ತದೆ. ಹಾಳೆಯ ಕೊನೆಯ ಸಾಲಿನ ಎರಡು ಚೀಟಿಗಳನ್ನು ಮಾತ್ರ ಮುಟ್ಟಬೇಡಿ, ಅವು ನನ್ನ ಇನ್ಸುಲಿನ್ ಪೆನ್ನುಗಳಿಗೆ ಮೀಸಲು.

ನಮಸ್ಕಾರ.